ಅಂಗೈಗೆ ಬಂದ ಚಿತ್ರಶಾಲೆ



ಕಣ್ಣಿಂದ ನೋಡಬೇಕಾದ ಚಿತ್ರದ ಸಂಗತಿಯನ್ನು ಕಿವಿಯಿಂದ ಕೇಳುವವರಿಗೆ ಹೇಳುವುದು ಹೇಗೆ? ಕಲಾ ಸಂಗ್ರಹಾಲಯಗಳು ಹೊಸ ತಂತ್ರಜ್ಞಾನದ ನೆರವಿನಿಂದ ಜನರನ್ನು ತಲುಪುತ್ತಿರುವ ಬಗ್ಗೆ ಮಾತನಾಡಲು ಕುಳಿತಾಗ ನನಗೆ ಮೊದಲು ಎದುರಾದ ಪ್ರಶ್ನೆ ಇದು. ಆದರೆ ಚಿತ್ರಕ್ಕೂ ರೇಡಿಯೊಗೂ ಇರುವ ನಂಟು ಹಳೆಯದು. ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿರುವ ಸ್ಟೆಡೆಲಿಕ್ ಎಂಬ ಕಲಾ ಸಂಗ್ರಹಾಲಯ 1952ರಲ್ಲೇ ತನ್ನ ಕೋಣೆಗಳೊಳಗೆ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ನಡೆಸಿತ್ತು.

ಅದು ಕೆಲಸ ಮಾಡುತ್ತಿದ್ದ ಬಗೆ ಹೀಗೆ. ಚಿತ್ರಗಳಿದ್ದ ಕೋಣೆಯ ಸುತ್ತ ತಂತಿಯ ಏರಿಯಲ್ ಎಳೆದಿದ್ದರು. ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿಟ್ಟ ವಿವರಣೆ ಆ ತಂತಿಯ ಮೂಲಕ ಶಾರ್ಟ್‌ವೇವ್‌ನಲ್ಲಿ ಪ್ರಸಾರವಾಗುತ್ತಿತ್ತು. ನೋಡಲು ಬಂದವರ ಕೈಗೆ ಒಂದು ಚಿಕ್ಕ ರಿಸೀವರ್, ಕಿವಿಗೆ ಹೆಡ್‌ಫೋನ್. ತಂತಿಯ ಸುತ್ತಿನೊಳಗೆ ಇರುವಷ್ಟು ಹೊತ್ತೂ ದನಿ ಕೇಳುತ್ತಿತ್ತು, ಆಚೆ ಕಾಲಿಟ್ಟರೆ ನಿಲ್ಲುತ್ತಿತ್ತು. ಡಚ್, ಫ್ರೆಂಚ್, ಇಂಗ್ಲಿಷ್, ಜರ್ಮನ್ ಭಾಷೆಗಳಲ್ಲಿ ವಿವರಣೆ ಸಿದ್ಧವಾಗಿತ್ತು. ಈಗ ದೊಡ್ಡ ಮ್ಯೂಸಿಯಂಗಳಲ್ಲೆಲ್ಲ ಸಿಗುವ ಆಡಿಯೊ ಗೈಡ್‌ನ ಮೊದಲ ರೂಪ ಇದೇ ಎಂದು ಈ ಕ್ಷೇತ್ರದ ಚರಿತ್ರೆ ಬರೆದವರು ಗುರುತಿಸುತ್ತಾರೆ.

ಆ ವ್ಯವಸ್ಥೆಯಲ್ಲಿ ಒಂದು ತೊಡಕಿತ್ತು. ಪ್ರಸಾರವಾದ್ದರಿಂದ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಮಾತನ್ನು ಕೇಳುತ್ತಿದ್ದರು. ದನಿ ಮುಂದಿನ ಚಿತ್ರಕ್ಕೆ ಸರಿದರೆ ಕೋಣೆಯಲ್ಲಿದ್ದವರೆಲ್ಲ ಅತ್ತ ತಿರುಗಬೇಕಿತ್ತು. ಯಾರಿಗಾದರೂ ಒಂದು ಚಿತ್ರದ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕೆನಿಸಿದರೆ ದನಿ ಅವರಿಗಾಗಿ ಕಾಯುತ್ತಿರಲಿಲ್ಲ. ಅಂದಿನಿಂದ ಇಂದಿನವರೆಗೆ ಯಂತ್ರಗಳು ಎಷ್ಟೋ ಬದಲಾಗಿವೆ. ಸಂಗ್ರಹಾಲಯಗಳ ಮುಂದಿರುವ ಪ್ರಶ್ನೆ ಮಾತ್ರ ಅದೇ: ನೋಡುವವರಿಗೆ ಹೆಚ್ಚು ತಿಳಿಸಬೇಕು, ಆದರೆ ನೋಡುವ ಸುಖವನ್ನೂ ಸಮಯವನ್ನೂ ಅವರಿಂದ ಕಿತ್ತುಕೊಳ್ಳಬಾರದು. ಒಬ್ಬ ಮನುಷ್ಯ ಒಂದು ಚಿತ್ರದ ಮುಂದೆ ಇನ್ನಷ್ಟು ಹೊತ್ತು ನಿಲ್ಲುವಂತೆ ಮಾಡಿದರೆ ಆ ತಂತ್ರಜ್ಞಾನ ಸಾರ್ಥಕ ಎಂಬುದು ನನ್ನ ದೃಢ ನಂಬಿಕೆ. ಇಂದಿನ ಮಾತಿನಲ್ಲಿ ನಾನು ಬಳಸುವ ಅಳತೆಗೋಲೂ ಅದೇ.

ಸ್ಟೆಡೆಲಿಕ್‌ನ ಆ ಪ್ರದರ್ಶನದ ವಿಷಯವನ್ನೂ ಹೇಳಬೇಕು. ಹದಿನೇಳನೇ ಶತಮಾನದ ಡಚ್ ಕಲಾವಿದ ಯೊಹಾನೆಸ್ ವರ್ಮೀರ್‌ನ ಚಿತ್ರಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂಬುದೇ ಅದರ ವಿಷಯ. ಅದಕ್ಕೆ ಕಾರಣವಿತ್ತು. ಹಾನ್ ವಾನ್ ಮೇಗರೆನ್ ಎಂಬ ಚಿತ್ರಕಾರ ತಾನೇ ಚಿತ್ರ ಬರೆದು, ವರ್ಮೀರ್‌ನದೆಂದು ಹೇಳಿ ದೊಡ್ಡ ದೊಡ್ಡವರಿಗೆ ಮಾರಿದ್ದ. ರಾಟರ್‌ಡ್ಯಾಮ್‌ನ ಮ್ಯೂಸಿಯಂ ಮೋಸಹೋಯಿತು. ನಾಜಿ ನಾಯಕ ಗೋರಿಂಗ್ ಕೂಡ ಮೋಸಹೋದ. ದೇಶದ ಆಸ್ತಿಯನ್ನು ಶತ್ರುವಿಗೆ ಮಾರಿದ ಆರೋಪ ಮೈಮೇಲೆ ಬಂದಾಗ, ಅದು ನಾನೇ ಬರೆದ ನಕಲಿ ಎಂದು ಅವನು ಒಪ್ಪಿಕೊಳ್ಳಬೇಕಾಯಿತು. 1947ರಲ್ಲಿ ವಿಚಾರಣೆ ನಡೆಯಿತು, ಅದೇ ವರ್ಷ ಅವನು ತೀರಿಕೊಂಡ. ನುರಿತ ವಿದ್ವಾಂಸರ ಕಣ್ಣಿಗೇ ಮಣ್ಣೆರಚಿದ ಈ ಪ್ರಕರಣದಿಂದ ಇಡೀ ದೇಶಕ್ಕೆ ಚಿತ್ರವನ್ನು ಸರಿಯಾಗಿ ನೋಡುವುದು ಹೇಗೆ ಎಂದು ಕಲಿಯುವ ಅಗತ್ಯ ಬಿತ್ತು. ಸ್ಟೆಡೆಲಿಕ್ ರೇಡಿಯೊದ ನೆರವು ಪಡೆದದ್ದು ಅಂಥ ಹೊತ್ತಿನಲ್ಲಿ.

ಅಸಲಿ, ನಕಲಿಯ ಇದೇ ಪ್ರಶ್ನೆ ಅರವತ್ತು ವರ್ಷಗಳ ಬಳಿಕ, ಅದೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಸ್ಟೆಡೆಲಿಕ್‌ನ ನೆರೆಯಲ್ಲೇ ಇರುವ ರೈಕ್ಸ್‌ಮ್ಯೂಸಿಯಂನಲ್ಲಿ ಮತ್ತೊಂದು ವೇಷದಲ್ಲಿ ಎದ್ದು ನಿಂತಿತು. ಈ ಸಲವೂ ವರ್ಮೀರ್‌ನದೇ ಚಿತ್ರ. ಹಾಲು ಸುರಿಯುವ ಹೆಂಗಸಿನ ಚಿತ್ರ ಅದು. ನೀವು ನೋಡಿರಬಹುದು. ನೋಡಿಲ್ಲದವರಿಗಾಗಿ ಮಾತಿನಲ್ಲಿ ಕಾಣಿಸಲು ಪ್ರಯತ್ನಿಸುತ್ತೇನೆ.

ಚಿತ್ರ ದೊಡ್ಡದಲ್ಲ. ಎತ್ತರ 45 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು, ಅಗಲ 41 ಸೆಂಟಿಮೀಟರ್. ಎಡಗಡೆ ಕಿಟಕಿ, ಅದರಿಂದ ಒಳಗೆ ಬರುತ್ತಿರುವ ತಣ್ಣನೆಯ ಬೆಳಕು. ಮೇಜಿನ ಮುಂದೆ ಗಟ್ಟಿಮುಟ್ಟಾದ ಒಬ್ಬ ಕೆಲಸದ ಹೆಂಗಸು ನಿಂತಿದ್ದಾಳೆ. ತಲೆಗೆ ಬಿಳಿ ಬಟ್ಟೆ, ಮೈಗೆ ಹಳದಿ ರವಿಕೆ, ಸೊಂಟಕ್ಕೆ ಕಡುನೀಲಿ ಮುಂಬಟ್ಟೆ. ಆ ನೀಲಿಗಾಗಿ ವರ್ಮೀರ್ ಬಳಸಿದ್ದು ಲಾಪಿಸ್ ಲಾಜುಲಿ ಎಂಬ ದುಬಾರಿ ಕಲ್ಲನ್ನು ಅರೆದು ಮಾಡಿದ ಬಣ್ಣ. ಅವಳು ಮಣ್ಣಿನ ಹೂಜಿಯಿಂದ ಪಾತ್ರೆಗೆ ಹಾಲು ಸುರಿಯುತ್ತಿದ್ದಾಳೆ. ಹಾಲಿನ ಧಾರೆ ತೆಳ್ಳಗಿದೆ, ಅವಳ ಗಮನವೆಲ್ಲ ಅದರ ಮೇಲೆಯೇ. ಮೇಜಿನ ಮೇಲೆ ಬುಟ್ಟಿ, ಬ್ರೆಡ್ಡು. ಬ್ರೆಡ್ಡಿನ ಮೇಲೆ ಬೆಳಕಿನ ಚುಕ್ಕೆಗಳು. ಹಿಂದಿನ ಗೋಡೆ ಬಿಳಿ. ಆದರೆ ಬರೀ ಬಿಳಿ ಅಲ್ಲ: ಮೊಳೆ ಕಿತ್ತ ತೂತು, ಇನ್ನೂ ಉಳಿದಿರುವ ಮೊಳೆ, ಆ ಮೊಳೆಯ ನೆರಳು, ಎಲ್ಲವೂ ಅಲ್ಲಿವೆ. ಕಿಟಕಿಯ ಗಾಜಿನ ಒಂದು ಚೂರು ಒಡೆದಿದೆ. ಯಾರೂ ಗಮನಿಸದ ದಿನನಿತ್ಯದ ಒಂದು ಕೆಲಸಕ್ಕೆ ಕಲಾವಿದ ಕೊಟ್ಟ ಗೌರವ ಎಷ್ಟು ದೊಡ್ಡದು ಎಂಬುದು ಈ ಸಣ್ಣ ಸಣ್ಣ ವಿವರಗಳನ್ನು ಒಂದೊಂದಾಗಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಸಮಸ್ಯೆ ಬಂದದ್ದು ಇಲ್ಲಿ. ಅಂತರಜಾಲದಲ್ಲಿ ಈ ಚಿತ್ರದ ಪ್ರತಿಗಳನ್ನು ರೈಕ್ಸ್‌ಮ್ಯೂಸಿಯಂನವರು ಹುಡುಕಿದಾಗ ಹತ್ತು ಸಾವಿರಕ್ಕೂ ಹೆಚ್ಚು ಸಿಕ್ಕವು. ಎಷ್ಟೋ ಪ್ರತಿಗಳಲ್ಲಿ ಬಣ್ಣ ಕೆಟ್ಟಿತ್ತು. ಬಿಳಿ ಗೋಡೆ ಹಳದಿ, ಅವಳ ಮುಖವೂ ಹಳದಿ. ಹಳೆಯ ಪುಸ್ತಕಗಳಿಂದಲೋ ಕೆಟ್ಟ ಫೋಟೊಗಳಿಂದಲೋ ಯಾರ್ಯಾರೋ ತೆಗೆದು ಹಾಕಿದ್ದ ಪ್ರತಿಗಳು ಅವು. ಜನ ಅವನ್ನೇ ನೋಡಿ ನೋಡಿ ಅಭ್ಯಾಸವಾಗಿ, ಮ್ಯೂಸಿಯಂನ ಅಂಗಡಿಯಲ್ಲಿ ಸರಿಯಾದ ಬಣ್ಣದ ಕಾರ್ಡು ಕಂಡಾಗ ಇದು ನಿಜವಾದ ಬಣ್ಣವಲ್ಲ ಎಂದು ಅನುಮಾನಿಸತೊಡಗಿದರು. ಅಸಲಿ ಚಿತ್ರ ಅದೇ ಕಟ್ಟಡದ ಗೋಡೆಯ ಮೇಲಿದ್ದರೂ ನಕಲಿಯೇ ಗೆದ್ದಿತ್ತು. 2011ರಲ್ಲಿ ಯೂರೋಪಿನ ಸಂಗ್ರಹಾಲಯಗಳು ಈ ಪ್ರಸಂಗವನ್ನು ಹಳದಿ ಹಾಲಿನವಳ ಸಮಸ್ಯೆ ಎಂದೇ ಕರೆದು ಚರ್ಚಿಸಿದವು.

ಇಂಥ ಹೊತ್ತಿನಲ್ಲಿ ಸಂಸ್ಥೆಗಳಿಗೆ ಸಾಮಾನ್ಯವಾಗಿ ತೋಚುವುದು ಬೇಲಿ ಹಾಕುವ ಉಪಾಯ. ಚಿತ್ರ ಬಳಸಿದವರಿಗೆ ನೋಟಿಸು ಕಳಿಸುವುದು, ಪ್ರತಿಯ ಮೇಲೆ ಅಡ್ಡಡ್ಡ ಹೆಸರು ಮುದ್ರಿಸುವುದು, ಹಣ ಕೊಟ್ಟವರಿಗೆ ಮಾತ್ರ ದೊಡ್ಡ ಫೋಟೊ ಕೊಡುವುದು. ರೈಕ್ಸ್‌ಮ್ಯೂಸಿಯಂ ಬೇರೆ ದಾರಿ ಹಿಡಿಯಿತು. ಕೆಟ್ಟ ಪ್ರತಿಯನ್ನು ಸೋಲಿಸಬೇಕಾದರೆ ಒಳ್ಳೆಯ ಪ್ರತಿಯನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟುಬಿಡಬೇಕು ಎಂದು ತೀರ್ಮಾನಿಸಿತು.

ಆಗ ಅದರ ಸ್ಥಿತಿ ಹೇಗಿತ್ತೆಂದರೆ, ಕಟ್ಟಡದ ದುರಸ್ತಿಗಾಗಿ 2003ರಿಂದ ಅದರ ಬಹುಭಾಗ ಮುಚ್ಚಿತ್ತು. ಹತ್ತು ವರ್ಷ ಹಿಡಿದ ಕೆಲಸ ಅದು. ಪೂರ್ತಿಯಾಗಿ ತೆರೆದದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕೂ ಕೆಲವು ತಿಂಗಳು ಮೊದಲು, 2012ರ ಕೊನೆಯಲ್ಲಿ, ರೈಕ್ಸ್‌ಸ್ಟುಡಿಯೊ ಎಂಬ ಹೆಸರಿನಲ್ಲಿ 1,25,000 ಕೃತಿಗಳ ದೊಡ್ಡ ಫೋಟೊಗಳನ್ನು ಜಾಲತಾಣದಲ್ಲಿ ತೆರೆದಿಟ್ಟರು. ಕಟ್ಟಡದ ಬಾಗಿಲಿಗಿಂತ ಮೊದಲು ಈ ಬಾಗಿಲು ತೆರೆಯಿತು.

ಆ ಜಾಲತಾಣವನ್ನು ಕಟ್ಟಿದ ರೀತಿಯಲ್ಲಿ ಬಹಳ ವಿವೇಚನೆ ಇದೆ. ಅಂಥ ತಾಣಗಳನ್ನು ತೆರೆದರೆ ಮೊದಲು ಕಾಣುವುದು ಸಾಮಾನ್ಯವಾಗಿ ದಾಖಲೆ ಸಂಖ್ಯೆ, ಅಳತೆ, ವರ್ಷ, ಉದ್ದನೆಯ ಟಿಪ್ಪಣಿ, ಮೂಲೆಯಲ್ಲಿ ಬೆರಳುಗುರಿನಷ್ಟು ಚಿತ್ರ. ಇಲ್ಲಿ ಪರದೆಯ ತುಂಬ ಚಿತ್ರ. ಬೆರಳಿನಿಂದ ಹಿಗ್ಗಿಸಿದರೆ ಕುಂಚದ ಗೆರೆ, ಬಣ್ಣದ ಬಿರುಕು ಎಲ್ಲವೂ ಕಾಣುತ್ತವೆ. ಬರಹ ಬೇಕಾದವರು ಒಳಗೆ ಹೋಗಿ ಓದಬಹುದು. ಇಷ್ಟವಾದ ಒಂದು ಭಾಗವನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳಬಹುದು, ತಮ್ಮದೇ ಸಂಗ್ರಹ ಜೋಡಿಸಬಹುದು, ಡೌನ್‌ಲೋಡ್ ಮಾಡಿ ಬಟ್ಟೆಯ ಮೇಲೆ, ಬಟ್ಟಲಿನ ಮೇಲೆ, ಗೋಡೆಯ ಮೇಲೆ ಅಚ್ಚು ಹಾಕಿಸಬಹುದು. ಮೊದಮೊದಲು ಅತಿ ದೊಡ್ಡ ಕಡತಗಳಿಗೆ ಶುಲ್ಕವಿತ್ತು. ಒಂದೇ ವರ್ಷದಲ್ಲಿ ಅದನ್ನೂ ತೆಗೆದುಹಾಕಿದರು. ಸಂಗ್ರಹಾಲಯದ ಚಿತ್ರಗಳಿಂದ ಹೊಸ ವಸ್ತು ರೂಪಿಸಿದವರಿಗೆ ಬಹುಮಾನವನ್ನೂ ಏರ್ಪಡಿಸಿದರು. ಹಳೆಯ ಭಾವಚಿತ್ರಗಳ ಕಣ್ಣುಗಳನ್ನು ಅಚ್ಚುಹಾಕಿದ, ನಿದ್ದೆ ಮಾಡುವಾಗ ಕಟ್ಟಿಕೊಳ್ಳುವ ಕಣ್ಣುಪಟ್ಟಿಗೂ ಬಹುಮಾನ ಸಿಕ್ಕಿತು.

ಮಹಾನ್ ಕೃತಿಗಳನ್ನು ಜನ ಹೇಗೆಹೇಗೋ ಬಳಸಿ ಹಗುರ ಮಾಡಿಬಿಟ್ಟರೆ ಏನು ಗತಿ ಎಂಬ ಆತಂಕ ಸಹಜ. ಆಗ ಸಂಗ್ರಹ ವಿಭಾಗದ ಮುಖ್ಯಸ್ಥರಾಗಿದ್ದು ಮುಂದೆ ನಿರ್ದೇಶಕರಾದ ಟಾಕೊ ಡಿಬಿಟ್ಸ್ ಇದಕ್ಕೆ ನೇರವಾಗಿ ಉತ್ತರ ಕೊಟ್ಟರು. ನಮ್ಮದು ಸಾರ್ವಜನಿಕ ಸಂಸ್ಥೆ, ಈ ಚಿತ್ರಗಳು ಒಂದರ್ಥದಲ್ಲಿ ಎಲ್ಲರ ಆಸ್ತಿ. ಯಾರಾದರೂ ಶೌಚಾಲಯದ ಕಾಗದದ ಮೇಲೆ ವರ್ಮೀರ್‌ನನ್ನು ಅಚ್ಚುಹಾಕಿಸುವುದೇ ಆದರೆ, ಕೆಟ್ಟ ಪ್ರತಿಗಿಂತ ಒಳ್ಳೆಯ ಪ್ರತಿಯೇ ಅಲ್ಲಿರಲಿ ಎಂಬುದು ಅವರ ಮಾತಿನ ಸಾರ. ಈ ನಿಲುವು ನನಗೆ ಬಹಳ ಮೆಚ್ಚುಗೆಯಾಗುತ್ತದೆ. ಕೃತಿಯ ಘನತೆಯನ್ನು ಕಾಯುವುದು ಕೃತಿಯ ಗುಣವೇ ಹೊರತು ಕಾವಲುಗಾರನ ಬೀಗವಲ್ಲ ಎಂಬ ಧೈರ್ಯ ಅದರಲ್ಲಿದೆ.

ಇನ್ನೊಂದು ಭಯವೂ ಇತ್ತು. ಮನೆಯಲ್ಲೇ ಎಲ್ಲ ಕಂಡರೆ ಜನ ಮ್ಯೂಸಿಯಂಗೆ ಯಾಕೆ ಬರುತ್ತಾರೆ? ಬಂದರು. ರೈಕ್ಸ್‌ಮ್ಯೂಸಿಯಂ 2023ರಲ್ಲಿ ವರ್ಮೀರ್‌ನ ದೊಡ್ಡ ಪ್ರದರ್ಶನ ಏರ್ಪಡಿಸಿತು. ಅವನದೆಂದು ಹೇಳಲಾಗುವ ಸುಮಾರು 37 ಚಿತ್ರಗಳಲ್ಲಿ 28 ಅಲ್ಲಿ ಒಟ್ಟುಗೂಡಿದವು. ಟಿಕೆಟುಗಳು ಕೆಲವೇ ದಿನಗಳಲ್ಲಿ ಖಾಲಿಯಾದವು. ಆರೂವರೆ ಲಕ್ಷ ಜನ ನೋಡಿದರು. ಪರದೆಯ ಮೇಲೆ ಸಾವಿರ ಸಲ ನೋಡಿದ ಚಿತ್ರದ ಮುಂದೆ ಒಮ್ಮೆಯಾದರೂ ನಿಲ್ಲಬೇಕೆಂಬ ಆಸೆ ಪರದೆಯಿಂದ ಇಂಗುವುದಿಲ್ಲ, ಬೆಳೆಯುತ್ತದೆ ಎಂದು ಇದನ್ನು ನೋಡಿದರೆ ಅನಿಸುತ್ತದೆ. ಟಿಕೆಟು ಸಿಗದವರಿಗಾಗಿ, ದೂರದೇಶದವರಿಗಾಗಿ, ಆ ಚಿತ್ರಗಳ ಒಳಗೆ ಕರೆದೊಯ್ಯುವ ಜಾಲತಾಣದ ಪ್ರವಾಸವನ್ನೂ ಸಿದ್ಧಪಡಿಸಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ದನಿ ಕೊಟ್ಟವರು ನಟ ಸ್ಟೀಫನ್ ಫ್ರೈ. ಮತ್ತೆ ವರ್ಮೀರ್, ಮತ್ತೆ ಕಿವಿಗೆ ಒಂದು ದನಿ. ಆದರೆ 1952ರ ತೊಡಕು ಈಗ ಇಲ್ಲ. ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಗೋಡೆಯ ಮೊಳೆಯ ನೆರಳನ್ನು ಎಷ್ಟು ಹೊತ್ತಾದರೂ ನೋಡುತ್ತ ಇರಬಹುದು. ದನಿ ಕಾಯುತ್ತದೆ.

ಹಾಗಾದರೆ ಮೊಬೈಲು ನಮ್ಮ ನೋಟವನ್ನು ಕೆಡಿಸಿಲ್ಲವೇ? ಈ ಪ್ರಶ್ನೆಗೆ ಸಂಬಂಧಿಸಿದ ಒಂದು ಫೋಟೊ 2014ರ ಸುಮಾರಿಗೆ ಜಗತ್ತನ್ನೆಲ್ಲ ಸುತ್ತಿತು. ಅದೇ ರೈಕ್ಸ್‌ಮ್ಯೂಸಿಯಂ. ಗೋಡೆಯ ಮೇಲೆ ರೆಂಬ್ರಾಂಟ್‌ನ ಜಗತ್ಪ್ರಸಿದ್ಧ ಚಿತ್ರ ನೈಟ್ ವಾಚ್. ಅದರ ಮುಂದಿನ ಬೆಂಚಿನಲ್ಲಿ ಸಾಲಾಗಿ ಕುಳಿತ ಶಾಲಾ ಮಕ್ಕಳು. ಒಬ್ಬರ ಕಣ್ಣೂ ಚಿತ್ರದ ಮೇಲಿಲ್ಲ, ಎಲ್ಲರೂ ಮೊಬೈಲಿನಲ್ಲಿ ಮುಳುಗಿದ್ದಾರೆ. ಈಗಿನ ಮಕ್ಕಳ ಗತಿ ನೋಡಿ ಎಂದು ಲಕ್ಷಾಂತರ ಜನ ಅದನ್ನು ಹಂಚಿಕೊಂಡು ನಿಟ್ಟುಸಿರು ಬಿಟ್ಟರು. ಆಮೇಲೆ ತಿಳಿದ ಸಂಗತಿ ಬೇರೆ: ಆ ಮಕ್ಕಳು ಮೇಷ್ಟ್ರು ಕೊಟ್ಟ ಪಾಠದ ಕೆಲಸವನ್ನು ಮ್ಯೂಸಿಯಂನದೇ ಆ್ಯಪ್ ಬಳಸಿ ಮಾಡುತ್ತಿದ್ದರು. ಕೈಯಲ್ಲಿ ಮೊಬೈಲು ಕಂಡ ಕೂಡಲೇ ಮನಸ್ಸು ಎಲ್ಲಿದೆ ಎಂದು ನಾವು ತೀರ್ಪು ಕೊಡುವುದು ಸರಿಯಲ್ಲ. ಆ ಮಕ್ಕಳ ಮೇಲಿನ ಅಪವಾದವನ್ನು ಇಂದಿಗೂ ನಂಬಿರುವವರಿದ್ದಾರೆ. ಅದಕ್ಕಾಗಿಯೇ ಇದನ್ನು ಇಲ್ಲಿ ಹೇಳಿದೆ.

ಆದರೆ ಇದರ ಇನ್ನೊಂದು ಮುಖವನ್ನು ಆ ಮ್ಯೂಸಿಯಂ ತಾನೇ ಕಂಡುಕೊಂಡಿತು. ಬಂದವರಲ್ಲಿ ಬಹಳ ಜನ ಫೋಟೊ ಹೊಡೆದುಕೊಂಡು ಮುಂದಕ್ಕೆ ಹೋಗುತ್ತಿದ್ದರು, ನೋಡುತ್ತಿರಲಿಲ್ಲ. 2015ರಲ್ಲಿ ಅದು ಒಂದು ಅಭಿಯಾನ ಹೂಡಿತು: ಫೋಟೊ ತೆಗೆಯಬೇಡಿ, ಚಿತ್ರ ಬರೆಯಿರಿ. ಬಂದವರ ಕೈಗೆ ಪುಸ್ತಕ, ಪೆನ್ಸಿಲ್ ಕೊಟ್ಟರು. ಒಂದು ಕೈಯನ್ನೋ ಒಂದು ಹೂಜಿಯನ್ನೋ ಪೆನ್ಸಿಲಿನಿಂದ ಬರೆಯಲು ಹೊರಟವರಿಗೆ ಅದನ್ನು ನೋಡದೆ ವಿಧಿಯಿಲ್ಲ. ನಿಮ್ಮ ಗೆರೆ ಸೊಟ್ಟಗಾದರೂ ಪರವಾಗಿಲ್ಲ. ಆ ಸೊಟ್ಟ ಗೆರೆ ಎಳೆಯುವಾಗ ಕಣ್ಣು ಕಲಿತದ್ದು ನಿಮ್ಮದೇ. ಲಕ್ಷಾಂತರ ಚಿತ್ರಗಳನ್ನು ಅಂತರಜಾಲಕ್ಕೆ ಕೊಟ್ಟ ಸಂಸ್ಥೆಯೇ ಪೆನ್ಸಿಲನ್ನೂ ಕೈಗಿತ್ತಿತು. ಇದರಲ್ಲಿ ವಿರೋಧವೇನೂ ನನಗೆ ಕಾಣುವುದಿಲ್ಲ. ದೂರದಲ್ಲಿರುವವನಿಗೆ ಚಿತ್ರ ತಲುಪಿಸಲು ಪರದೆ ಬೇಕು, ಎದುರಿಗೇ ನಿಂತವನಿಗೆ ಪೆನ್ಸಿಲು ಸಾಕು. ಯಾರಿಗೆ, ಎಲ್ಲಿ, ಯಾವುದು ನೋಟವನ್ನು ಹೆಚ್ಚಿಸುತ್ತದೆ ಎಂದು ಕೇಳಿಕೊಂಡು ಉಪಕರಣ ಆರಿಸಿದ್ದೇ ಅವರ ಜಾಣ್ಮೆ.

ನೈಟ್ ವಾಚ್ ಚಿತ್ರದ ಪ್ರಸ್ತಾಪ ಬಂತು. ಅದರ ಮೇಲೆ ಈಗ ನಡೆದಿರುವ ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. 1642ರಲ್ಲಿ ಮುಗಿದ, ಕಾವಲು ಪಡೆಯೊಂದನ್ನು ತೋರಿಸುವ ಈ ಚಿತ್ರ ಸುಮಾರು ನಾಲ್ಕೂವರೆ ಮೀಟರ್ ಅಗಲ, 3.8 ಮೀಟರ್ ಎತ್ತರ. ಇದರ ಸಂಶೋಧನೆ ಮತ್ತು ಸಂರಕ್ಷಣೆಯ ಕೆಲಸ 2019ರ ಜುಲೈನಲ್ಲಿ ಶುರುವಾಯಿತು. ಚಿತ್ರವನ್ನು ಹಿಂದಿನ ಕೋಣೆಗೆ ಸಾಗಿಸಿ ಬಾಗಿಲು ಹಾಕಿಕೊಳ್ಳಲಿಲ್ಲ. ಇದ್ದ ಜಾಗದಲ್ಲೇ ಗಾಜಿನ ಕೋಣೆ ಕಟ್ಟಿ, ಬಂದವರೆಲ್ಲ ನೋಡುವಂತೆ ಅದರೊಳಗೆ ಕೆಲಸ ಮಾಡಿದರು, ಅಂತರಜಾಲದಲ್ಲೂ ತೋರಿಸಿದರು. ವಿಜ್ಞಾನಿಯ ತಾಳ್ಮೆ, ಸಂರಕ್ಷಕರ ಕೈಚಳಕ ಜನಸಾಮಾನ್ಯರ ಕಣ್ಣಿಗೆ ಬಿತ್ತು.

ಫೋಟೊ ತೆಗೆದ ಕ್ರಮವನ್ನು ಕೇಳಿ. ಒಂದೊಂದು ಫೋಟೊದಲ್ಲಿ ಚಿತ್ರದ ಐದೂವರೆ ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ಅಗಲದ ತುಂಡು ಮಾತ್ರ. ಅಂಥ 8,439 ಫೋಟೊಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದರು. ಆದ ಚಿತ್ರ 717 ಗಿಗಾಪಿಕ್ಸೆಲ್, ಅಂದರೆ 71,700 ಕೋಟಿ ಬಿಂದುಗಳು. ಎರಡು ಬಿಂದುಗಳ ನಡುವಿನ ಅಂತರ ಮಿಲಿಮೀಟರಿನ ಇನ್ನೂರನೇ ಒಂದು ಪಾಲು. ನಮ್ಮ ರಕ್ತದ ಕೆಂಪು ಕಣಕ್ಕಿಂತ ಚಿಕ್ಕದು. 2022ರ ಜನವರಿಯಲ್ಲಿ ಇದನ್ನು ಎಲ್ಲರಿಗೂ ತೆರೆದಿಟ್ಟರು. ಸಂರಕ್ಷಕರಿಗೆ ಇದು ಬೇಕಾದದ್ದು ಬಣ್ಣದ ಕಣಗಳು ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತಿವೆ ಎಂದು ತಿಳಿಯಲು. ಅದೇ ಕಡತ ಹಳ್ಳಿಯ ಒಬ್ಬ ಹುಡುಗಿಯ ಮೊಬೈಲಿನಲ್ಲೂ ತೆರೆಯುತ್ತದೆ. ತಜ್ಞರಿಗಾಗಿ ಮಾಡಿದ ಕೆಲಸದ ಫಲವನ್ನು ಕಡಿಮೆ ಮಾಡದೆ, ನೀರು ಬೆರೆಸದೆ ಜನರಿಗೂ ಕೊಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಈ ಚಿತ್ರಕ್ಕೆ ಒಂದು ಹಳೆಯ ಗಾಯವಿದೆ. 1715ರಲ್ಲಿ ಅದನ್ನು ನಗರಸಭೆಯ ಕಟ್ಟಡಕ್ಕೆ ಸಾಗಿಸಿದಾಗ ಗೋಡೆಗೆ ಹಿಡಿಸಲಿಲ್ಲವೆಂದು ನಾಲ್ಕೂ ಅಂಚುಗಳನ್ನು ಕತ್ತರಿಸಿಬಿಟ್ಟರು. ಎಡಗಡೆಯೇ ಸುಮಾರು 60 ಸೆಂಟಿಮೀಟರ್ ಹೋಯಿತು. ಕತ್ತರಿಸಿದ ತುಂಡುಗಳು ಇಂದಿಗೂ ಸಿಕ್ಕಿಲ್ಲ. ಪುಣ್ಯಕ್ಕೆ, ಕತ್ತರಿ ಬೀಳುವ ಮೊದಲೇ ಲುಂಡೆನ್ಸ್ ಎಂಬ ಕಲಾವಿದ ಚಿಕ್ಕ ಅಳತೆಯಲ್ಲಿ ಒಂದು ಪ್ರತಿ ಬರೆದಿಟ್ಟಿದ್ದ. 2021ರಲ್ಲಿ ರೈಕ್ಸ್‌ಮ್ಯೂಸಿಯಂನ ವಿಜ್ಞಾನಿ ರಾಬರ್ಟ್ ಎರ್ಡ್‌ಮನ್ ಕೃತಕ ಬುದ್ಧಿಮತ್ತೆಯ ಕಾರ್ಯಕ್ರಮವೊಂದಕ್ಕೆ ಈ ಪ್ರತಿಯನ್ನೂ ಮೂಲವನ್ನೂ ಪಕ್ಕಪಕ್ಕ ಇಟ್ಟು ತರಬೇತಿ ಕೊಟ್ಟರು: ರೆಂಬ್ರಾಂಟ್ ಬಣ್ಣ ಹಚ್ಚುವ ರೀತಿ ಯಾವುದು, ಲುಂಡೆನ್ಸ್ ಎಲ್ಲೆಲ್ಲಿ ಬೇರೆಯಾಗುತ್ತಾನೆ ಎಂದು ಅದು ಕಲಿಯಿತು. ಕಲಿತದ್ದರ ಆಧಾರದ ಮೇಲೆ ಕಳೆದುಹೋದ ಅಂಚುಗಳು ಹೇಗಿದ್ದಿರಬಹುದೆಂದು ಅದು ರೂಪಿಸಿತು. ಅವನ್ನು ಮುದ್ರಿಸಿ ಮೂಲ ಚಿತ್ರದ ಸುತ್ತ ಕೆಲವು ತಿಂಗಳು ಕೂಡಿಸಿಟ್ಟರು. ಎಡತುದಿಯಲ್ಲಿ ಮೂವರು ಮರಳಿ ಕಾಣಿಸಿಕೊಂಡರು. ನಡುಮಧ್ಯೆ ನಿಂತಂತಿದ್ದ ದಳಪತಿ ತುಸು ಬಲಕ್ಕೆ ಸರಿದ, ಇಡೀ ಪಡೆ ಎಡಕ್ಕೆ ಹೊರಟಂತೆ ಕಂಡಿತು. ಮುನ್ನೂರು ವರ್ಷಗಳ ಮೇಲೆ ಚಿತ್ರಕ್ಕೆ ನಡಿಗೆ ಬಂತು.

ಇಲ್ಲಿ ನಾನು ಒತ್ತಿ ಹೇಳಬೇಕಾದ್ದು ಅವರ ಪ್ರಾಮಾಣಿಕತೆ. ಆ ತುಂಡುಗಳು ರೆಂಬ್ರಾಂಟ್‌ನವು ಎಂದು ಅವರು ಎಲ್ಲೂ ಹೇಳಲಿಲ್ಲ. ಮೂಲದ ಮೇಲೆ ಒಂದು ಹನಿ ಬಣ್ಣವನ್ನೂ ಹಚ್ಚಲಿಲ್ಲ. ಊಹೆಯನ್ನು ಊಹೆ ಎಂದೇ ತೋರಿಸಿ, ಅವಧಿ ಮುಗಿದ ಮೇಲೆ ತೆಗೆದರು. ವಾನ್ ಮೇಗರೆನ್ ಮಾಡಿದ್ದೂ ಹಳೆಯ ಕಲಾವಿದನ ಶೈಲಿಯ ಅನುಕರಣೆಯೇ, ಈ ಯಂತ್ರ ಮಾಡಿದ್ದೂ ಅದೇ. ಒಂದು ವಂಚನೆಯಾಯಿತು, ಇನ್ನೊಂದು ಅರಿವಾಯಿತು. ನಡುವಿನ ವ್ಯತ್ಯಾಸ ಸತ್ಯವನ್ನು ಹೇಳಿದ್ದರಲ್ಲಿದೆ. ಯಾವ ಚಿತ್ರವನ್ನು ಬೇಕಾದರೂ ಯಂತ್ರ ಬರೆದುಕೊಡುವ ಕಾಲ ಇದು. ಇಂಥ ಕಾಲದಲ್ಲಿ ಅಸಲಿ ಇದು, ಊಹೆ ಇದು ಎಂದು ನಂಬಿಕೆಯಿಂದ ಹೇಳಬಲ್ಲ ಸಂಸ್ಥೆಗಳಾಗಿ ಸಂಗ್ರಹಾಲಯಗಳು ಉಳಿಯಬೇಕು. ಅವುಗಳ ಬೆಲೆ ಇನ್ನು ಮುಂದೆ ಹೆಚ್ಚುವುದು ಈ ಕಾರಣಕ್ಕೆ.

ಇದೆಲ್ಲಕ್ಕೂ ದೊಡ್ಡ ಹಣ ಬೇಕು ಎಂದು ಅನಿಸಬಹುದು. ಸಣ್ಣ ಉಪಾಯಗಳೂ ಗೆದ್ದಿವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಮ್ಯೂಸಿಯಂ ಹತ್ತಿರ 2017ರಲ್ಲಿ ಸುಮಾರು 35 ಸಾವಿರ ಕೃತಿಗಳಿದ್ದವು, ಒಂದು ಹೊತ್ತಿಗೆ ಗೋಡೆಯ ಮೇಲೆ ಕಾಣುತ್ತಿದ್ದುದು ನೂರಕ್ಕೆ ಐದರಷ್ಟು ಮಾತ್ರ. ಆ ವರ್ಷ ಅದು ಒಂದು ಫೋನ್ ಸಂಖ್ಯೆ ಕೊಟ್ಟು, ನನಗೆ ಸಮುದ್ರ ಕಳಿಸಿ, ನನಗೆ ನೀಲಿ ಕಳಿಸಿ ಎಂದು ಸಾದಾ ಎಸ್ಸೆಮ್ಮೆಸ್ ಮಾಡಿದರೆ ಅದಕ್ಕೊಪ್ಪುವ ಒಂದು ಕೃತಿಯ ಚಿತ್ರವನ್ನು ಮರಳಿ ಕಳಿಸುವ ವ್ಯವಸ್ಥೆ ಮಾಡಿತು. ಉಗ್ರಾಣದಲ್ಲಿ ಕತ್ತಲಲ್ಲಿದ್ದ ಕೃತಿಗಳು ಜನರ ಜೇಬಿಗೆ ಬಂದವು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಬಾಗಿಲು ಹಾಕಿದಾಗ, ಮನೆಯಲ್ಲಿರುವ ಮೂರು ವಸ್ತುಗಳನ್ನು ಬಳಸಿ ನಿಮಗಿಷ್ಟವಾದ ಚಿತ್ರದಂತೆ ನಿಂತು ಫೋಟೊ ತೆಗೆದು ಕಳಿಸಿ ಎಂದು ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂ ಜನರನ್ನು ಕೇಳಿತು. ಇದರ ಪ್ರೇರಣೆಯೂ ನೆದರ್ಲೆಂಡ್ಸ್‌ನಿಂದಲೇ ಬಂದದ್ದು. ತಲೆಗೆ ಟವೆಲು ಸುತ್ತಿಕೊಂಡು ಕನ್ನಡಿ ಮುಂದೆ ನಿಂತವರು ಮೂಲ ಚಿತ್ರದಲ್ಲಿ ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಕತ್ತು ಎಷ್ಟು ವಾಲಿದೆ ಎಂದು ಎಷ್ಟು ಸಲ ನೋಡಿರಬೇಕು! ಆಟವೂ ನೋಟವನ್ನು ಕಲಿಸುತ್ತದೆ.

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಇದೇ ದಾರಿಯಲ್ಲಿ ನಡೆದ ಒಂದು ಸಂಸ್ಥೆ ಇದೆ: ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ, ಚಿಕ್ಕದಾಗಿ ಮ್ಯಾಪ್. ಅದು ಹುಟ್ಟಿದ್ದೇ ಡಿಜಿಟಲ್ ಆಗಿ. ಕಟ್ಟಡ ಇನ್ನೂ ಏಳುತ್ತಿದ್ದಾಗ, 2020ರ ಡಿಸೆಂಬರ್‌ನಲ್ಲಿ, ಅಂತರಜಾಲದಲ್ಲಿ ಬಾಗಿಲು ತೆರೆಯಿತು. ಕಟ್ಟಡ ಜನರಿಗೆ ತೆರೆದದ್ದು 2023ರ ಫೆಬ್ರವರಿಯಲ್ಲಿ. ಭಾರತದ ಕಲೆಯ ಬಗ್ಗೆ ಉಚಿತವಾಗಿ ಓದಬಹುದಾದ ಒಂದು ವಿಶ್ವಕೋಶವನ್ನು ಅದರ ಅಕಾಡೆಮಿ 2022ರಿಂದ ಕಟ್ಟುತ್ತಿದೆ. ಕಲಾವಿದ ಎಂ.ಎಫ್. ಹುಸೇನರ ಡಿಜಿಟಲ್ ರೂಪವೊಂದು ಅಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಕಣ್ಣು ಕಾಣದವರು ಮುಟ್ಟಿ ತಿಳಿಯುವಂಥ ಉಬ್ಬು ಪ್ರತಿಗಳೂ ಇವೆ. ಇವುಗಳಲ್ಲಿ ನನ್ನ ಮನಸ್ಸು ಹೆಚ್ಚು ಒಲಿಯುವುದು ಆ ಉಬ್ಬು ಪ್ರತಿಗಳಿಗೆ ಮತ್ತು ಆ ವಿಶ್ವಕೋಶಕ್ಕೆ. ಮಾತನಾಡುವ ಹುಸೇನರನ್ನು ಕಂಡು ಬೆರಗಾಗುವುದು ಒಂದು ದಿನದ ಸಂಗತಿ. ಬೆರಳಿನಿಂದ ಚಿತ್ರ ಓದಿದವರಿಗೆ, ಒಂದು ಶೈಲಿಯ ಚರಿತ್ರೆ ತಿಳಿದವರಿಗೆ ಸಿಕ್ಕದ್ದು ಜೀವಮಾನವಿಡೀ ಉಳಿಯುತ್ತದೆ.

ಅದೇ ಕಸ್ತೂರಬಾ ರಸ್ತೆಯಲ್ಲಿ, 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ಮ್ಯೂಸಿಯಂನ ಮಗ್ಗುಲಲ್ಲಿ, ವೆಂಕಟಪ್ಪ ಕಲಾ ಗ್ಯಾಲರಿ ಇದೆ. ಕೆ. ವೆಂಕಟಪ್ಪನವರು ಮೈಸೂರು ಅರಸರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದವರು, ವೀಣೆ ನುಡಿಸುತ್ತಿದ್ದವರು. ಊಟಿ ಮತ್ತು ಕೊಡೈಕನಾಲ್ ಬೆಟ್ಟಗಳ ಮೇಲೆ ಮಂಜು ಏಳುವ, ಬೆಳಕು ಇಳಿಯುವ ಗಳಿಗೆಗಳನ್ನು ಜಲವರ್ಣದಲ್ಲಿ ಹಿಡಿದಿಟ್ಟವರು. ಪ್ಲಾಸ್ಟರ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದರು. ಹಿಗ್ಗಿಸಿ ಹಿಗ್ಗಿಸಿ ನೋಡಲು ಇವುಗಳಿಗಿಂತ ತಕ್ಕ ಕೃತಿಗಳು ಯಾವುವು? ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. ನಮ್ಮ ದೇಶದ ಕಾನೂನಿನಂತೆ ಕಲಾವಿದ ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಆ ಲೆಕ್ಕ 2025ರ ಕೊನೆಯ ದಿನಕ್ಕೆ ಮುಗಿಯುತ್ತದೆ. ಅಲ್ಲಿಂದಾಚೆಗೆ ವೆಂಕಟಪ್ಪನವರ ಚಿತ್ರಗಳು ಕಾನೂನಿನ ಕಣ್ಣಿನಲ್ಲೂ ನಮ್ಮೆಲ್ಲರ ಸ್ವತ್ತು.

ಸ್ವತ್ತು ಎಂದ ಮೇಲೆ ಕೈಗೂ ಸಿಗಬೇಕು. ಹಾಗಾಗಿ ಕೇಳುಗರ ಪರವಾಗಿ ನನ್ನ ಕೋರಿಕೆ ಮೂರು. ಮೊದಲನೆಯದು, ಈ ಜಲವರ್ಣಗಳ ಒಳ್ಳೆಯ, ಬಣ್ಣ ತಪ್ಪದ, ದೊಡ್ಡ ಫೋಟೊಗಳನ್ನು ತೆಗೆಯಬೇಕು. ಜಲವರ್ಣ ಬೆಳಕಿಗೆ ಮಾಸುತ್ತದೆ, ತಡ ಮಾಡಿದಷ್ಟೂ ನಷ್ಟ. ಎರಡನೆಯದು, ಯಾವ ಅಡ್ಡ ಗೆರೆಯೂ ಇಲ್ಲದೆ, ಶುಲ್ಕವೂ ಇಲ್ಲದೆ ಅವನ್ನು ಎಲ್ಲರಿಗೂ ಕೊಡಬೇಕು. ಬೀದರಿನ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಅವನ್ನು ಗೋಡೆಗೆ ಅಂಟಿಸುವಂತಾಗಬೇಕು. ಮೂರನೆಯದು, ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ಒಂದು ದನಿ ಬೇಕು, ಚಿತ್ರದಲ್ಲಿ ಏನಿದೆ ಎಂದು ಕಣ್ಣಿಲ್ಲದವರಿಗೂ ಕಾಣಿಸುವಂಥ ದನಿ. ಚಿತ್ರ ನೋಡುವ ಸೊಗಸು ಇಂಗ್ಲಿಷ್ ಬಲ್ಲವರಿಗೆ ಮಾತ್ರ ಎಂಬ ಅಳುಕು ನಮ್ಮಲ್ಲಿ ಬಹಳ ಜನರಿಗಿದೆ. ಅದನ್ನು ಕಳೆಯುವ ಶಕ್ತಿ ನಮ್ಮ ಭಾಷೆಯ ದನಿಗಿದೆ.

ಮೊದಲೆರಡು ಕೆಲಸ ಸರ್ಕಾರದ್ದು, ಸಂಸ್ಥೆಗಳದ್ದು. ಮೂರನೆಯದನ್ನು ನಾವೂ ಶುರುಮಾಡಬಹುದು. ಈ ಭಾನುವಾರ ಬಿಡುವಿದ್ದರೆ ಹತ್ತಿರದ ಯಾವುದಾದರೂ ಚಿತ್ರಶಾಲೆಗೆ ಹೋಗಿ. ಬೆಂಗಳೂರಿನಲ್ಲಿದ್ದರೆ ವೆಂಕಟಪ್ಪ ಗ್ಯಾಲರಿ, ಮೈಸೂರಿನಲ್ಲಿದ್ದರೆ ಜಗನ್ಮೋಹನ ಅರಮನೆ. ದೂರದಲ್ಲಿದ್ದರೆ ಮೊಬೈಲಿನಲ್ಲೇ ಒಂದು ಚಿತ್ರ ತೆರೆಯಿರಿ. ಹತ್ತನ್ನು ನೋಡುವ ಬದಲು ಒಂದನ್ನೇ ನೋಡಿ. ನೋಡಿದ್ದನ್ನು ಮನೆಯಲ್ಲಿರುವ ಅಜ್ಜಿಗೆ, ಕಣ್ಣು ಮಂಜಾದ ಮಾವನಿಗೆ, ಪುಟ್ಟ ಮಗುವಿಗೆ ನಿಮ್ಮದೇ ಮಾತಿನಲ್ಲಿ ವಿವರಿಸಿ. ಮೊಬೈಲಿನಲ್ಲಿ ಆ ಮಾತನ್ನು ಮುದ್ರಿಸಿಯೂ ಇಡಿ. ಹೀಗೆ ಊರೂರಿನ ದನಿಗಳು ಕೂಡಿದರೆ, ಕನ್ನಡದ ಚಿತ್ರಗಳಿಗೆ ಕನ್ನಡದ್ದೇ ಒಂದು ಆಡಿಯೊ ಗೈಡ್ ಸಿದ್ಧವಾಗಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.